ಟೊಮ್ಯಾಟೊ ಬೀಜ ಹಾಕುವ ದಿನ: ಜವಳಗೇರಾ ಸುತ್ತಿನ ಬೆಳೆಗಾರರಲ್ಲಿ ಮನವಿ

ಟೊಮ್ಯಾಟೊ ಬೀಜವನ್ನು ಸಾಮಾನ್ಯವಾಗಿ ನೇರವಾಗಿ ಹೊಲಕ್ಕೆ ಬಿತ್ತುವುದಿಲ್ಲ. ನೆರಳಿನ ಅಡಿಯಲ್ಲಿ ಸಸಿ ಎಬ್ಬಿಸಿ, 25ರಿಂದ 30 ದಿನ ಬೆಳೆಸಿ, ಆಮೇಲೆ ಹೊಲಕ್ಕೆ ಹಚ್ಚಲಾಗುತ್ತದೆ. ಆದ್ದರಿಂದ ಬೆಳೆಯ ಏಳುಬೀಳು ನಾಟಿಯ ದಿನಕ್ಕಿಂತ ಮೊದಲೇ, ಬೀಜ ಟ್ರೇಗೆ ಬಿದ್ದ ದಿನವೇ ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಸಿಂಧನೂರು ತಾಲ್ಲೂಕಿನ ಜವಳಗೇರಾ ಮತ್ತು ಸುತ್ತಲಿನ ಹಳ್ಳಿ, ಕ್ಯಾಂಪುಗಳ ಬೆಳೆಗಾರರು ಆ ದಿನವನ್ನು ಪೇಟೆಯ ದರ ನೋಡಿ ಆರಿಸದೆ, ಈ ಸೀಮೆಯ ಹವೆ ನೋಡಿ ಆರಿಸಬೇಕೆಂಬುದೇ ಈ ಮನವಿ.

ಟೊಮ್ಯಾಟೊ ಗಿಡ ಬಿಸಿಲು ತಾಳುತ್ತದೆ, ಹೂವು ತಾಳುವುದಿಲ್ಲ. ರಾತ್ರಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹೂವು ಚೆನ್ನಾಗಿ ಕಾಯಿ ಕಟ್ಟುತ್ತದೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಸತ್ವ ಕಳೆದುಕೊಂಡು ಹೂವು ಉದುರುತ್ತದೆ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಆಗ ಎಷ್ಟು ನೀರು, ಗೊಬ್ಬರ ಕೊಟ್ಟರೂ ಉದುರುವ ಹೂವನ್ನು ನಿಲ್ಲಿಸಲಾಗದು.

ನಾಟಿಯಾದ ಸುಮಾರು ಒಂದು ತಿಂಗಳಿಗೆ ಹೂವು, ಎರಡರಿಂದ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಈ ಲೆಕ್ಕವನ್ನು ಹಿಂದಕ್ಕೆ ಎಣಿಸಿದರೆ ಬೀಜ ಹಾಕುವ ದಿನ ಸಿಗುತ್ತದೆ. ನವೆಂಬರ್‌ನ ತಂಪಿನಲ್ಲಿ ಹೂವು ಬರಬೇಕಾದರೆ ಅಕ್ಟೋಬರ್ ಮೊದಲ ವಾರ, ಹಸ್ತಾ ಮಳೆಯ ಹೊತ್ತಿಗೆ ಸಸಿ ಹೊಲ ಸೇರಬೇಕು. ಅದಕ್ಕೆ ಸೆಪ್ಟೆಂಬರ್ ಆರಂಭದ ಹುಬ್ಬಾ ಮಳೆಯಲ್ಲಿ ಬೀಜ ಹಾಕಬೇಕು. ಈ ಜಿಲ್ಲೆಗೆ ವರ್ಷದಲ್ಲೇ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ಎಳೆಯ ಸಸಿ ಮರೆಯಲ್ಲಿರುವುದು ಇನ್ನೊಂದು ಅನುಕೂಲ. ತಡವಾದರೆ ನವೆಂಬರ್ ಮಧ್ಯದವರೆಗೂ ಬೀಜ ಹಾಕಬಹುದು. ಜನವರಿಯಲ್ಲಿ ಹಾಕಿದ ಬೀಜ ಫೆಬ್ರವರಿಯಲ್ಲಿ ಹೊಲಕ್ಕೆ ಹೋಗಿ, ಮಾರ್ಚ್ ಬಿಸಿಲಿಗೆ ಹೂವು ಬಿಡುತ್ತದೆ. ಅದನ್ನು ಕೈಬಿಡುವುದೇ ಲೇಸು.

ಚಳಿ ದೇಶಗಳಲ್ಲಿ ಹಿಮ ಬೀಳುವುದು ನಿಲ್ಲುವ ಆರರಿಂದ ಎಂಟು ವಾರ ಮೊದಲು ಮನೆಯೊಳಗೆ ಬೀಜ ಹಾಕುತ್ತಾರೆ. ಫೋನಿನಲ್ಲಿ ಸಿಗುವ ಎಷ್ಟೋ ಸಲಹೆಗಳು ಆ ಲೆಕ್ಕದವು. ಇಲ್ಲಿ ಸಸಿಯನ್ನು ಕಾಯಬೇಕಾದದ್ದು ಹಿಮದಿಂದಲ್ಲ. ಬಿಸಿಲು, ಬಿರುಮಳೆ ಮತ್ತು ಬಿಳಿ ನೊಣದಿಂದ. ಈ ಸೆಕೆಯಲ್ಲಿ ಸಸಿ ಬೇಗ ಬೆಳೆಯುವುದರಿಂದ ನಾಲ್ಕು ವಾರ ಸಾಕು. 40 ದಿನ ದಾಟಿದ ಸಸಿಯ ಬೇರು ಟ್ರೇಯಲ್ಲೇ ಸುತ್ತಿಕೊಂಡು, ಹೊಲದಲ್ಲಿ ಚೇತರಿಸಿಕೊಳ್ಳಲು ತಡಮಾಡುತ್ತದೆ.

ಎರೆ ಮಣ್ಣು ನೀರು ಹಿಡಿದಿಡುವುದರಿಂದ ಅದರಲ್ಲಿ ಎಳೆಯ ಸಸಿಯ ಬುಡ ಕೊಳೆಯುವ ಭಯ ಹೆಚ್ಚು. 98 ಗುಳಿಗಳ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕುವುದು ಉತ್ತಮ. ಐದರಿಂದ ಎಂಟು ದಿನಕ್ಕೆ ಮೊಳಕೆ ಬರುತ್ತದೆ. ಮೂರು ಅಡಿ ಸಾಲು, ಒಂದೂವರೆ ಅಡಿ ಅಂತರದಲ್ಲಿ ಎಕರೆಗೆ ಸುಮಾರು 10,000 ಸಸಿ ಹಿಡಿಯುತ್ತದೆ. ಅದಕ್ಕೆ 40 ಗ್ರಾಂ ಬೀಜ, 110ರಷ್ಟು ಟ್ರೇ ಸಾಕು. ಮನೆಯ ಹಿತ್ತಲಿಗೆ ಹತ್ತು ಹದಿನೈದು ಸಸಿ ಬೇಕಾದವರು ತಳಕ್ಕೆ ತೂತು ಮಾಡಿದ ಹಾಲಿನ ಪಾಕೀಟಿನಲ್ಲೂ ಬೆಳೆಸಬಹುದು. ಆದರೆ ಮೊಳಕೆ ಒಡೆದ ಮೇಲೆ ಅದನ್ನು ಕತ್ತಲೆ ಕೋಣೆಯಲ್ಲಿಡಬಾರದು; ಬೆಳಕಿಲ್ಲದ ಸಸಿ ಸಣಕಲಾಗಿ ಬಾಗುತ್ತದೆ. ಬೆಳಗಿನ ಬಿಸಿಲು ಬೀಳುವ ಪಡಸಾಲೆ ಒಳ್ಳೆಯದು.

ಕೊನೆಯ ವಾರ ನೀರು ತಗ್ಗಿಸಿ, ದಿನದಿನಕ್ಕೆ ಬಿಸಿಲು ಹೆಚ್ಚಿಸಿ ಸಸಿಯನ್ನು ಗಟ್ಟಿ ಮಾಡಬೇಕು. ಎರೆ ಹೊಲದಲ್ಲಿ ಏರುಮಡಿ ಮಾಡಿ, ಸಂಜೆ ತಂಪಿನಲ್ಲಿ ಹಚ್ಚಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಸಲಹೆಯಂತೆ, ಪ್ರತಿ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂ ಇದ್ದರೆ ಕಾಯಿಕೊರಕ ಹುಳುವಿನ ಚಿಟ್ಟೆ ಆ ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ. ಎರಡೂ ಒಟ್ಟಿಗೆ ಹೂವು ಬಿಡಬೇಕಾದರೆ ನಾಟಿ ವೇಳೆಗೆ ಚೆಂಡು ಹೂವಿನ ಸಸಿಗೆ 40ರಿಂದ 45 ದಿನ ಆಗಿರಬೇಕು. ಅಂದರೆ ಅದರ ಬೀಜ ಆಗಸ್ಟ್ ಮಧ್ಯದಲ್ಲೇ ಮಡಿ ಸೇರಬೇಕು.

ಇವೆಲ್ಲ ಒಬ್ಬೊಬ್ಬರೇ ಮಾಡಿಕೊಳ್ಳುವ ಕೆಲಸ. ಎಲೆ ಮುದುಡು ರೋಗವನ್ನು ತಡೆಯಲು ಮಾತ್ರ ಊರೇ ಒಂದಾಗಬೇಕು. ಇದು ವೈರಸ್‌ನಿಂದ ಬರುತ್ತದೆ, ಬಿಳಿ ನೊಣದಿಂದ ಹರಡುತ್ತದೆ, ಬಂದ ಮೇಲೆ ಮದ್ದಿಲ್ಲ. ಅದೇ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ರೋಗ ನಿರೋಧಕ ತಳಿ ಆರಿಸುವುದು, ಟ್ರೇಗಳಿಗೆ ನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟುವುದು ಅಗತ್ಯ. ಆದರೂ ಪಕ್ಕದ ಹೊಲದಲ್ಲಿ ಹಿಂದಿನ ಬೆಳೆಯ ರೋಗದ ಗಿಡಗಳು ನಿಂತಿದ್ದರೆ ಪರದೆಯಿಂದ ಹೊರಬಂದ ಸಸಿಗೆ ರಕ್ಷಣೆಯಿಲ್ಲ. ಆದ್ದರಿಂದ ಜವಳಗೇರಾ ಸುತ್ತಿನ ಪ್ರತಿಯೊಬ್ಬ ಬೆಳೆಗಾರರೂ ಹೊಸ ಬೀಜ ಹಾಕುವ ಎರಡು ವಾರ ಮೊದಲೇ ಹಳೆಯ ಟೊಮ್ಯಾಟೊ ಗಿಡಗಳನ್ನು ಬುಡಸಮೇತ ಕಿತ್ತು ಹೂಳಬೇಕು, ಬದುವಿನ ಕಳೆ ತೆಗೆಯಬೇಕು, ನೆರೆಹೊಲದವರಿಗೂ ತಿಳಿಹೇಳಬೇಕು ಎಂದು ಕಳಕಳಿಯಿಂದ ಕೋರಲಾಗಿದೆ.