ರಜೆಯಲ್ಲಿ ಕಡಲ ಕೆಲಸ

ರಜೆ ಎಂಬ ಮಾತಿಗೆ ನಮ್ಮ ಕಡೆ ಎರಡೇ ಅರ್ಥ ಉಳಿದಿವೆ. ಒಂದು, ಮನೆಯಲ್ಲಿ ಕಾಲು ಚಾಚಿ ಮಲಗುವುದು. ಇನ್ನೊಂದು, ಮೂರು ದಿನದಲ್ಲಿ ಒಂಬತ್ತು ಊರು ನೋಡಿ, ಹತ್ತನೆಯ ಊರಿನ ದೇವರಿಗೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿದು, ಮನೆಗೆ ಬಂದು ನಾಲ್ಕು ದಿನ ಸುಧಾರಿಸಿಕೊಳ್ಳುವುದು. ಶಾಲೆಗಳ ಪ್ರವಾಸ ಈ ಎರಡನೆಯ ಜಾತಿಯದು. ರಾತ್ರಿಯೆಲ್ಲ ಬಸ್ಸು, ಬೆಳಗಿನ ಜಾವ ದೇವಸ್ಥಾನ, ಮಧ್ಯಾಹ್ನ ಜಲಪಾತ, ಸಂಜೆ ಕಡಲು. ನಿದ್ದೆಗೆಟ್ಟ ಮಕ್ಕಳನ್ನು ನಿದ್ದೆಗೆಟ್ಟ ಮೇಷ್ಟರು ಎಣಿಸುತ್ತಾ ಹೋಗುವುದಕ್ಕೆ ಶೈಕ್ಷಣಿಕ ಪ್ರವಾಸ ಎಂದು ಹೆಸರು.

ಮೂರನೆಯ ಅರ್ಥವೂ ಒಂದಿದೆ. ಒಂದೇ ಊರಿಗೆ ಹೋಗಿ, ಅಲ್ಲೇ ಐದು ದಿನ ಉಳಿದು, ದಿನವೂ ಒಂದಿಷ್ಟು ಕೆಲಸ ಮಾಡಿ ಬರುವುದು. ಏಪ್ರಿಲ್‌ನಲ್ಲಿ ಮೌಲ್ಯಮಾಪನದ ಕಟ್ಟುಗಳು ಕೈಬಿಟ್ಟ ಮೇಲೆ ನಾನು, ಇಬ್ಬರು ಸಹೋದ್ಯೋಗಿಗಳು ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಕುಮಟಾದ ಬಳಿಯ ಅಘನಾಶಿನಿ ಅಳಿವೆಗೆ ಹೋಗುವುದು ಇದಕ್ಕೇ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಕುಮಟಾ. ಉಳಿಯುವುದಕ್ಕೆ ರಜೆಯಲ್ಲಿ ಖಾಲಿ ಇರುವ ಶಾಲೆಯ ಎರಡು ಕೊಠಡಿ. ಊಟ ಅಲ್ಲಿಯ ಅಡುಗೆಯವರದೇ.

ಆದರೆ ಈ ಸಲ ಹೊರಡುವುದೇ ಕಷ್ಟವಾಯಿತು. 2024ರ ಡಿಸೆಂಬರ್ 10ರಂದು ಅದೇ ಜಿಲ್ಲೆಯ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಒಂಬತ್ತನೆಯ ತರಗತಿಯ ಮಕ್ಕಳು. ನಮ್ಮ ತರಗತಿಯಲ್ಲಿ ಕೂತಿರುವವರ ವಯಸ್ಸಿನವರೇ. ಆ ಸುದ್ದಿ ಓದಿದ ತಂದೆತಾಯಿ ಕಡಲು ಎಂದ ಕೂಡಲೇ ತಲೆಯಾಡಿಸಿದರೆ ಅದರಲ್ಲಿ ತಪ್ಪು ಹುಡುಕುವವನು ಮಕ್ಕಳಿಲ್ಲದವನೇ ಇರಬೇಕು. ಮಡಿವಾಳ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟಿರುವ ಒಬ್ಬ ವಿದ್ಯಾರ್ಥಿನಿಯ ತಂದೆ ಶಾಲೆಗೇ ಬಂದು ಹೇಳಿದರು: "ಸಾರ್, ವಿಜ್ಞಾನ ತೋರಿಸೋಕೆ ಕಡಲೇ ಆಗಬೇಕಾ? ತಾರಾಲಯಕ್ಕೆ ಕರ್ಕೊಂಡು ಹೋಗಿ, ಬಸ್ಸಿನ ದುಡ್ಡು ನಾನೇ ಕೊಡ್ತೀನಿ."

ಕಡಲೇ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ನಮ್ಮ ಮಡಿವಾಳದ ಮಕ್ಕಳಿಗೆ ಕಡಲು ಎಂದರೆ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ ಬಂಗುಡೆ, ಅಷ್ಟೇ. ಮಡಿವಾಳ ಕೆರೆಯ ಕೋಡಿ ನೀರು ಅಗರದ ಕೆರೆ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಗರದ ಪಶ್ಚಿಮಕ್ಕೆ ಹರಿಯುವ ವೃಷಭಾವತಿಯೂ ಅರ್ಕಾವತಿ, ಕಾವೇರಿಗಳ ಮೂಲಕ ಕೊನೆಗೆ ಅಲ್ಲಿಗೇ. ಬೆಂಗಳೂರಿನ ಒಂದು ಹನಿಯೂ ಪಡುಗಡಲನ್ನು ಸೇರುವುದಿಲ್ಲ. ಇನ್ನು ಕೆರೆಯ ನೀರು ಮಳೆ ಬಂದರೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. ಮಳೆ ಮೋಡ ಏನೂ ಇಲ್ಲದೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರನ್ನು ಈ ಮಕ್ಕಳು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ಚಿತ್ರದಲ್ಲಿ ಚಂದ್ರ ಒಂದು ಕಡೆ, ಭೂಮಿ ಒಂದು ಕಡೆ, ನಡುವೆ ಬಾಣದ ಗುರುತು. ಅದನ್ನು ಬಾಯಿಪಾಠ ಮಾಡಿ ಐದು ಅಂಕ ಪಡೆದ ಹುಡುಗನೇ ಕಡಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ಆಟಕ್ಕೆ ಹೋಗಿ, ಒಂದು ಗಂಟೆಯ ಮೇಲೆ ಬಂದು ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ.

ಮಂಡಿಯ ಯಜಮಾನರಿಗೆ ಇಷ್ಟೆಲ್ಲ ಹೇಳಲಿಲ್ಲ. "ನೀವೂ ಬನ್ನಿ" ಎಂದೆ. ನಮ್ಮ ಜತೆಗೆ ನಾಲ್ಕನೆಯ ದೊಡ್ಡವರಾಗಿ ಅವರು ಹೊರಟೇಬಿಟ್ಟರು.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ನದಿ. ಅದಕ್ಕೆ ಅಡ್ಡಲಾಗಿ ಇದುವರೆಗೆ ಯಾವ ದೊಡ್ಡ ಅಣೆಕಟ್ಟೂ ಎದ್ದಿಲ್ಲ. ಆದ್ದರಿಂದ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರುಗಳ ಜಗಳ ಇಂದಿಗೂ ಸಹಜವಾಗಿಯೇ ನಡೆಯುತ್ತದೆ. ಮಳೆಗಾಲದಲ್ಲಿ ನದಿ ಕಡಲನ್ನು ಹೊರಗೆ ದಬ್ಬುತ್ತದೆ, ಬೇಸಿಗೆಯಲ್ಲಿ ಕಡಲು ನದಿಯೊಳಕ್ಕೆ ನುಗ್ಗುತ್ತದೆ. ಈ ಲಯವನ್ನು ನಂಬಿಯೇ ಅಲ್ಲಿಯ ರೈತರು ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುವುದು. ಇದೇ ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಚನೆಯೂ ಒಮ್ಮೆ ಇತ್ತು. ಜನ ಬೇಡವೆಂದರು. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅದಕ್ಕೆ ಮೊದಲು ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ನಮ್ಮ ಮೊದಲ ಕೆಲಸ ಬಹಳ ಸರಳ. ಅಡಿ, ಅಂಗುಲಗಳ ಗುರುತು ಬಳಿದ ಬಿದಿರಿನ ಗಳುವನ್ನು ಹಿನ್ನೀರಿನ ಧಕ್ಕೆಯ ಕಂಬವೊಂದಕ್ಕೆ ಕಟ್ಟುವುದು, ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನು ನೋಡಿ ಬರೆಯುವುದು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ, ಪಾಳಿಯ ಮೇಲೆ. ರಾತ್ರಿಯ ಪಾಳಿಗೆ ದೊಡ್ಡವರು. ಮೊದಲ ದಿನ ಮಕ್ಕಳಿಗೆ ಇದು ಶಿಕ್ಷೆಯಂತೆ ಕಂಡಿತು. ಎರಡನೆಯ ದಿನ ಜಗಳ ಶುರುವಾಯಿತು. "ನಿನ್ನೆ ಈ ಹೊತ್ತಿಗೆ ನೀರು ಇಲ್ಲಿರಲಿಲ್ಲ, ನೀನು ತಪ್ಪು ಬರೆದಿದ್ದೀಯ." ಯಾರೂ ತಪ್ಪು ಬರೆದಿರಲಿಲ್ಲ.

ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕಲು ಬರುತ್ತಾರೆ. ಬಳಚು ಎಂದರೆ ಕೆಸರಿನಲ್ಲಿ ಹೂತಿರುವ ಎರಡು ಚಿಪ್ಪಿನ ಪ್ರಾಣಿ. ನಮ್ಮವರ ಜಗಳ ಕೇಳಿಸಿಕೊಂಡು ನಿಂತಿದ್ದ ಒಬ್ಬಾಕೆ ನಕ್ಕರು. "ಮಾಸ್ತರ್ರೇ, ಮಕ್ಕಳ ಕೈಲಿ ಗಡಿಯಾರ ಕೊಟ್ಟರೆ ಹೀಗೇ. ನೀರಿಗೆ ತಿಥಿ ಉಂಟು, ಗಂಟೆ ಇಲ್ಲ."

ಆ ಮಾತಿನಲ್ಲಿರುವಷ್ಟು ಖಗೋಳ ನನ್ನ ಒಂದು ಪೀರಿಯಡ್ಡಿನಲ್ಲಿ ಇರುವುದಿಲ್ಲ. ಚಂದ್ರ ದಿನದಿನಕ್ಕೂ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅಷ್ಟೇ ತಡವಾಗುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಘಳಿಗೆ ಎಂದರೆ 24 ನಿಮಿಷ. ತಿಥಿಗೆ ಎರಡು ಘಳಿಗೆಯಂತೆ ನೀರು ಹಿಂದೆ ಬಿದ್ದರೆ 30 ತಿಥಿಗೆ 60 ಘಳಿಗೆ, ಅಂದರೆ ಸರಿಯಾಗಿ ಒಂದು ದಿನ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕ ಚುಕ್ತಾ. ಆ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಮತ್ತು ನಡುರಾತ್ರಿಗೆ, ಇಳಿತ ಮುಂಜಾವಿಗೆ ಮತ್ತು ಮುಸ್ಸಂಜೆಗೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಬೆರಳೆಣಿಕೆ. ಏರಿಳಿತದ ಎತ್ತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರಿಗೂ ಮೇಲೆ ಎಂದಾಗ ಮಕ್ಕಳು ಮೂರು ಮಹಡಿ ಮನೆ ಎಂದು ತಾವೇ ಲೆಕ್ಕ ಹಾಕಿದರು.

ಮೂರನೆಯ ದಿನ ನಕ್ಷೆ ಕಾಗದದ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದಾಗ ಪುಸ್ತಕದಲ್ಲಿ ಇಲ್ಲದ್ದೊಂದು ಕಂಡಿತು. ದಿನದ ಎರಡು ಇಳಿತಗಳು ಒಂದೇ ಆಳದವಲ್ಲ, ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಅರ್ಧಂಬರ್ಧ. ಚಂದ್ರ ಯಾವಾಗಲೂ ಸಮಭಾಜಕ ವೃತ್ತದ ಮೇಲೆಯೇ ಇರುವುದಿಲ್ಲವಲ್ಲ, ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಾನೆ. ಆದ್ದರಿಂದ ಈ ಅಸಮಾನತೆ. ಇದನ್ನು ಕಂಡದ್ದು ಮಂಡಿಯವರ ಮಗಳು. ತಂದೆ ಆ ಕಾಗದವನ್ನು ತಮ್ಮ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು. ಬಳಚಿನ ವ್ಯಾಪಾರವನ್ನೂ ಆ ವೇಳೆಗೆ ಅವರು ವಿಚಾರಿಸಿ ಮುಗಿಸಿದ್ದರು. ಮೊದಲಿನಷ್ಟು ಸಿಗುವುದಿಲ್ಲ ಎಂದು ಹೆಂಗಸರು ಹೇಳಿದಾಗ, ಮರಿಯನ್ನೂ ಬಿಡದೆ ಹೆಕ್ಕಿದರೆ ಮಾರುಕಟ್ಟೆ ಎಷ್ಟು ದಿನ ನಡೆದೀತು ಎಂದು ಅವರು ಕೇಳಿದ್ದು ನಾನು ಕೇಳಬೇಕಾಗಿದ್ದ ಪ್ರಶ್ನೆ.

ಉಪ್ಪಿನ ಕೆಲಸ ಸಾಣಿಕಟ್ಟಾದಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿಯ ಆಗರಗಳು ಕಣ್ಣು ಕೋರೈಸುತ್ತವೆ. ನೋಡಿ ಬಂದ ಮೇಲೆ ಮಕ್ಕಳು ಒಂದು ಲೀಟರ್ ಅಳಿವೆಯ ನೀರನ್ನು ಕುದಿಸಿ ಬತ್ತಿಸಿದರು. ಬಂದದ್ದು 33 ಗ್ರಾಂ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುವುದರಿಂದ ಲೆಕ್ಕ ಹತ್ತಿರವೇ. ಆದರೆ ರುಚಿ ನೋಡಿದವರ ಮುಖ ಕಿವುಚಿಕೊಂಡಿತು, ಕಹಿ! ಆಗರದವರ ಉಪ್ಪು ಕಹಿಯಿಲ್ಲ, ನಮ್ಮದೇಕೆ ಕಹಿ? ನೀರು ಆರುತ್ತಾ ಬಂದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಂ ತಳ ಸೇರುತ್ತವೆ. ಹತ್ತರಲ್ಲಿ ಒಂದು ಪಾಲು ನೀರು ಉಳಿದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಕಹಿಯಾದ ಮೆಗ್ನೀಸಿಯಂ ಲವಣಗಳು ಕೊನೆಯ ನೀರಿನಲ್ಲೇ ಉಳಿಯುತ್ತವೆ. ಆಗರದವರು ಮಡಿಯಿಂದ ಮಡಿಗೆ ನೀರು ಹಾಯಿಸಿ, ಉಪ್ಪು ಎಳೆದು, ಆ ಕೊನೆಯ ನೀರನ್ನು ಹೊರಗೆ ಬಿಡುತ್ತಾರೆ. ನಾವು ಪಾತ್ರೆಯ ತಳ ಕಾಣುವವರೆಗೆ ಕುದಿಸಿದ್ದೆವು. ಇಲ್ಲಿಂದ ಉತ್ತರಕ್ಕಿರುವ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಆ ಉಪ್ಪಿನ ರುಚಿ ಹೇಗಿತ್ತೋ ಎಂದು ಒಬ್ಬ ಹುಡುಗ ಕೇಳಿದ. ಸಮಾಜ ವಿಜ್ಞಾನದ ಮೇಡಂ ನನ್ನ ಕಡೆ ನೋಡಿದರು, ನಾನು ಪಾತ್ರೆಯ ಕಡೆ.

ಕಡಲ ಹತ್ತಿರ ಹೋದದ್ದು ನಾಲ್ಕನೆಯ ದಿನ ಮಾತ್ರ. ಸ್ನಾನಕ್ಕಲ್ಲ, ನೋಡುವುದಕ್ಕೆ. ಊರಿನ ಮೀನುಗಾರರೊಬ್ಬರು ಜತೆಗಿದ್ದರು. ಎತ್ತರದ ದಂಡೆಯ ಮೇಲೆ ಕೂರಿಸಿ ಒಂದು ಪ್ರಶ್ನೆ ಕೇಳಿದೆ: ನೀರಿಗೆ ಇಳಿಯಬೇಕಾದರೆ ಎಲ್ಲಿ ಇಳಿಯುತ್ತೀರಿ? ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಂದಿ ಅಲೆ ಒಡೆಯದೆ ನೀರು ಶಾಂತವಾಗಿದ್ದ ಜಾಗವನ್ನೇ ತೋರಿಸಿದರು. ಮೀನುಗಾರರು ತಲೆಯಾಡಿಸಿದರು. ದಡಕ್ಕೆ ಬಡಿದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕು. ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದು ಓಣಿ ಮಾಡಿಕೊಂಡು ರಭಸದಿಂದ ಹೊರಗೆ ಓಡುತ್ತದೆ. ಅಲ್ಲಿ ನೀರು ಆಳವಾದ್ದರಿಂದ ಅಲೆ ಒಡೆಯುವುದಿಲ್ಲ, ಮೇಲೆ ಶಾಂತ, ಒಳಗೆ ಸೆಳೆತ. ಸಿಕ್ಕಿಕೊಂಡವರು ದಡದ ಕಡೆಗೇ ಈಜಿ ಈಜಿ ಸೋಲುತ್ತಾರೆ. ಓಣಿ ಅಗಲವಿರುವುದಿಲ್ಲ. ಮೊದಲು ತೇಲಬೇಕು, ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಈಜು ಬಾರದವರಿಗೆ ಆ ಜಾಗವನ್ನು ದೂರದಿಂದ ಗುರುತಿಸುವುದೊಂದೇ ದಾರಿ. ಇದು ಯಾವ ತರಗತಿಯ ಪರೀಕ್ಷೆಯಲ್ಲಿ ಬರುತ್ತದೆ ಎಂದು ಮಕ್ಕಳು ಕೇಳಲಿಲ್ಲ.

ಪ್ರವಾಸ ನಿಲ್ಲಿಸಿಬಿಡುವುದು ಸುಲಭ. ಶಾಲೆ ನಿಲ್ಲಿಸಿದರೂ ಇದೇ ಮಕ್ಕಳು ನಾಲ್ಕು ವರ್ಷ ಕಳೆದ ಮೇಲೆ ಗೆಳೆಯರ ಜತೆ ಬೈಕಿನಲ್ಲೋ ಕಾರಿನಲ್ಲೋ ಗೋಕರ್ಣಕ್ಕೆ ಹೋಗಿಯೇ ಹೋಗುತ್ತಾರೆ, ಆಗ ಜತೆಗೆ ಮೇಷ್ಟರೂ ಇರುವುದಿಲ್ಲ, ಮೀನುಗಾರರೂ ಇರುವುದಿಲ್ಲ. ನಿಲ್ಲಿಸಬೇಕಾದದ್ದು ಸಂಜೆ ಆರಕ್ಕೆ ಬಸ್ಸಿನಿಂದ ಇಳಿಸಿ ಏಳಕ್ಕೆ ಹತ್ತಿಸುವ ಪದ್ಧತಿಯನ್ನು. ನೂರು ಮಕ್ಕಳಿಗೆ ನಾಲ್ವರು ಮೇಷ್ಟರ ಲೆಕ್ಕವನ್ನು. ನಮ್ಮಲ್ಲಿ ಮೂವರು ಮಕ್ಕಳಿಗೆ ಒಬ್ಬ ದೊಡ್ಡವರು ಬೀಳುತ್ತಾರೆ. ಖರ್ಚು ಹೆಚ್ಚು, ನಿಜ. ದೋಣಿ ಹತ್ತಿದರೆ ಎಲ್ಲರಿಗೂ ಜೀವರಕ್ಷಕ ಜಾಕೆಟ್ಟು. ಅದಿಲ್ಲದ ದೋಣಿ ಹತ್ತುವುದಿಲ್ಲ, ಕಾಂಡ್ಲಾ ಕಾಡು ಎಷ್ಟೇ ಚಂದ ಇದ್ದರೂ.

ಮುಂದಿನ ಏಪ್ರಿಲ್‌ಗೆ ಈಗಲೇ ಪಂಚಾಂಗ ತೆಗೆದಿಟ್ಟಿದ್ದೇನೆ. ಅಮಾವಾಸ್ಯೆಯ ದಿನವೇ ಹೋದರೆ ಇಳಿತ ಕತ್ತಲಲ್ಲಿ ಮುಗಿಯುತ್ತದೆ. ಬಿದಿಗೆ, ತದಿಗೆಗಳಂದು ಅದು ಬೆಳಿಗ್ಗೆ ಏಳು ಎಂಟರ ಹೊತ್ತಿಗೆ ಬರುವುದರಿಂದ ಕೆಸರಿಗೆ ಇಳಿಯಲು ಅನುಕೂಲ. ಅಲ್ಲಿಂದ ಅಷ್ಟಮಿ ದಾಟುವವರೆಗೆ ಇದ್ದರೆ ಏರಿಳಿತ ಕುಗ್ಗುವುದೂ ಬಿದಿರಿನ ಗಳುವಿನಲ್ಲಿ ಕಾಣುತ್ತದೆ. ಅದಕ್ಕೆ ಎಂಟು ದಿನ ಬೇಕು. ಮಂಡಿಯವರು ಅಷ್ಟು ದಿನ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದಿದ್ದಾರೆ, ಮಗಳನ್ನು ಮಾತ್ರ ಕಳುಹಿಸುತ್ತಾರಂತೆ.