ಚುಚ್ಚಿ ಹೋದವರು ಮೂರನೇ ದಿನ ಬರುತ್ತಾರೆಯೇ?

ಚನ್ನಪಟ್ಟಣ ತಾಲ್ಲೂಕಿನ ಯಾವುದೇ ಹಳ್ಳಿಯ ಡೇರಿ ಮುಂದೆ ಬೆಳಿಗ್ಗೆ ನಿಂತು ನೋಡಿ. ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ಚೀಟಿ ಬರುತ್ತದೆ. ಪಾಯಿಂಟು ಕಡಿಮೆ ಬಂದರೆ ಅಲ್ಲೇ ಜಗಳ. ಸಂಜೆ ಮತ್ತೆ ಅದೇ. ಹಾಲನ್ನು ದಿನಕ್ಕೆರಡು ಹೊತ್ತು ಹೀಗೆ ಅಳೆಯುವ ನಾವು, ಆ ಹಸುವಿಗೆ ಕ್ಷಯ ಇದೆಯೇ ಎಂದು ಅದರ ಆಯುಷ್ಯದಲ್ಲಿ ಒಮ್ಮೆಯೂ ನೋಡುವುದಿಲ್ಲ. ಯಾಕೆ ಎಂದರೆ ಸಿದ್ಧ ಉತ್ತರವೊಂದಿದೆ: ‘ಆ ಟೆಸ್ಟನ್ನು ನಂಬೋಕಾಗಲ್ಲ ಸಾರ್.’

ಮಾತು ಅರ್ಧ ನಿಜ. ಉಳಿದರ್ಧ ಮೈಗಳ್ಳತನ.

ಪರೀಕ್ಷೆಯ ಕ್ರಮ ಹೀಗಿದೆ. ಕತ್ತಿನ ನಡುಭಾಗದಲ್ಲಿ ಕೂದಲು ಕತ್ತರಿಸಿ, ಚರ್ಮವನ್ನು ಮಡಿಸಿ ಹಿಡಿದು, ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು ಬರೆದುಕೊಳ್ಳಬೇಕು. ಆಮೇಲೆ ಕ್ಷಯಾಣುವಿನಿಂದ ತಯಾರಿಸಿದ 0.1 ಮಿ.ಲೀ. ಟ್ಯೂಬರ್‌ಕ್ಯುಲಿನ್ ಚುಚ್ಚಬೇಕು, ಅದೂ ಚರ್ಮದ ಪದರದೊಳಕ್ಕೆ. ಸೂಜಿ ಕೊಂಚ ಆಳಕ್ಕಿಳಿದು ಚರ್ಮದಡಿಗೆ ಹೋದರೆ ಕೆಲಸ ಕೆಟ್ಟಂತೆ. ಬೆರಳಿಟ್ಟರೆ ಕಾಳಿನಷ್ಟು ಗುಳ್ಳೆ ಸಿಗಬೇಕು. 72 ಗಂಟೆಯ ಮೇಲೆ ಬಂದು ಅದೇ ಜಾಗವನ್ನು ಮತ್ತೆ ಅಳೆದಾಗ 4 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಊದಿದ್ದರೆ ಪಾಸಿಟಿವ್. ಒದೆಯುವ ಎಚ್‌ಎಫ್ ಹಸುವನ್ನು ಕಂಬಕ್ಕೆ ಬಿಗಿದು ಮಿಲಿಮೀಟರ್ ಲೆಕ್ಕದಲ್ಲಿ ಚರ್ಮ ಅಳೆಯುವುದು ಕೂತು ಬರೆದಷ್ಟು ಸುಲಭವಲ್ಲ. ಹತ್ತಾರು ಹಳ್ಳಿ ಹೊತ್ತ ಪಶುವೈದ್ಯರು ಎರಡನೇ ಸಲ ಬರುವುದು ಇನ್ನೂ ಕಷ್ಟ. ಬರದಿದ್ದರೆ ಮೊದಲ ಭೇಟಿಯೂ ದಂಡ.

ಸರಿಯಾಗಿ ಮಾಡಿದರೂ ಪರೀಕ್ಷೆ ಎರಡೂ ಕಡೆ ಎಡವುತ್ತದೆ. ಸೋಂಕು ತಗುಲಿದ ಹೊಸತರಲ್ಲಿ ಚರ್ಮ ಊದುವುದಿಲ್ಲ. ರೋಗ ಬಲಿತು ಹಸು ಸೊರಗಿದಾಗಲೂ ಊದದೇ ಇರಬಹುದು, ಆಗಷ್ಟೇ ಕರು ಹಾಕಿದ್ದರೂ ಅಷ್ಟೇ. ಬ್ರಿಟನ್ನಿನಂಥ ದೇಶದಲ್ಲೇ ಸೋಂಕಿತ ಐದು ಹಸುಗಳಲ್ಲಿ ಸರಾಸರಿ ಒಂದು ಕಣ್ತಪ್ಪಿಸುತ್ತದೆ. ಇನ್ನೊಂದು ಕಡೆ, ಮಣ್ಣು ನೀರಿನಲ್ಲಿರುವ ಅದೇ ಕುಲದ ನಿರುಪದ್ರವಿ ಬ್ಯಾಕ್ಟೀರಿಯಾಗಳೂ ದನದ ಕರುಳಿಗೆ ಬರುವ ಜೋನ್ಸ್ ರೋಗವೂ ಕ್ಷಯವಿಲ್ಲದ ಹಸುವಿನ ಚರ್ಮವನ್ನು ಊದಿಸುತ್ತವೆ. ಅದಕ್ಕೇ ಹಕ್ಕಿ ಕ್ಷಯದ ಟ್ಯೂಬರ್‌ಕ್ಯುಲಿನ್ನನ್ನೂ ಪಕ್ಕದಲ್ಲಿ ಚುಚ್ಚಿ ಎರಡು ಊತಗಳನ್ನು ಹೋಲಿಸಿ ನೋಡುವುದು.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಹಳೆಯ ವರದಿಗಳನ್ನೆಲ್ಲ ಕೂಡಿಸಿ, ನಮ್ಮ ದನಗಳಲ್ಲಿ ಸುಮಾರು ಶೇಕಡ 7.3ರಷ್ಟಕ್ಕೆ ಕ್ಷಯ ಇರಬಹುದೆಂದು ಅಂದಾಜಿಸಿತು. ಅದನ್ನೇ ಹಿಡಿದು ಒಂದು ಲೆಕ್ಕ ಹಾಕೋಣ. ಸಾವಿರ ಹಸುಗಳಲ್ಲಿ 70ಕ್ಕೆ ರೋಗವಿದೆ ಎನ್ನಿ. ಪರೀಕ್ಷೆ 56ನ್ನು ಹಿಡಿಯುತ್ತದೆ, 14 ಕೊಟ್ಟಿಗೆಯಲ್ಲೇ ಉಳಿಯುತ್ತವೆ. ರೋಗವಿಲ್ಲದ 930ರಲ್ಲಿ ನೂರಕ್ಕೆ ಐದರಂತೆ ತಪ್ಪು ಬಿದ್ದರೂ 46 ನಿರಪರಾಧಿ ಹಸುಗಳಿಗೆ ಕಳಂಕ ಹತ್ತುತ್ತದೆ. ಒಂದೇ ಸೂಜಿಯ ಫಲಿತಾಂಶ ನಂಬಿ ಹಸು ಕೊಲ್ಲುವ ಮಾತಾಡುವವರು ಈ 46ಕ್ಕೆ ಉತ್ತರ ಹೇಳಬೇಕು. ಪರೀಕ್ಷೆಯೇ ಬೇಡ ಎನ್ನುವವರು ಆ 56ಕ್ಕೆ.

2007ರಲ್ಲಿ ವೇಲ್ಸ್‌ನ ಸ್ಕಂದವೇಲ್ ಎಂಬ ಹಿಂದೂ ಆಶ್ರಮದ ಶಂಬೋ ಎಂಬ ಹೋರಿ ಇದೇ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಆಶ್ರಮದವರು ಹೈಕೋರ್ಟಿನಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. ಜುಲೈನಲ್ಲಿ ಅದನ್ನು ಕೊಂದರು. ಕೊಯ್ದು ನೋಡಿದಾಗ ಕ್ಷಯದ ಲಕ್ಷಣದ ಗಾಯಗಳು ಸಿಕ್ಕವು. ಅಲ್ಲಿ ಭಕ್ತಿ ಸೋತದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಪಾಸಿಟಿವ್ ಬಂದ ದಿನ ಮುಂದೇನು ಎಂಬುದು ಮಾತ್ರ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮಲ್ಲಿ ಗೊತ್ತಿಲ್ಲದಿರುವುದೇ ಅದು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ರೋಗಪಟ್ಟಿಯಲ್ಲಿ ದನದ ಕ್ಷಯವಿದೆ. ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯೂ ಬೇರೆ ದನಗಳಿಗೆ ಅಪಾಯವೆಂದು ಪಶುವೈದ್ಯರು ದೃಢೀಕರಿಸಿದ ಹಸುವಿಗೆ ವಿನಾಯಿತಿ ಕೊಡುತ್ತದೆ. ಕಾಗದದಲ್ಲಿ ಎಲ್ಲ ಸರಿ. ಆದರೆ ಮಾಗಡಿಯ ರೈತನ ಮೂರು ಹಸುಗಳಲ್ಲಿ ಒಂದು ಪಾಸಿಟಿವ್ ಬಂದರೆ ಅವನು ಏನು ಮಾಡಬೇಕು? ಪರಿಹಾರ ಎಷ್ಟು, ಎಷ್ಟು ದಿನಕ್ಕೆ? ಸಹಕಾರ ಸಂಘದ ಸಾಲದ ಕಂತು ಯಾರು ಕಟ್ಟುತ್ತಾರೆ? ಹೇಳುವವರಿಲ್ಲದಿದ್ದರೆ ಅವನು ಯಾರಿಗೂ ಹೇಳದೆ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ. ಕಾಯಿಲೆ ಇನ್ನೊಂದು ಕೊಟ್ಟಿಗೆಗೆ ಹೋಗುತ್ತದೆ. ಅವನನ್ನು ನಾನಂತೂ ಬೈಯಲಾರೆ. 2013ರ ಕಾಲುಬಾಯಿ ರೋಗದಲ್ಲಿ ಈ ಸೀಮೆಯ ಕೊಟ್ಟಿಗೆಗಳು ಹೇಗೆ ಬರಿದಾದವೆಂದು ಅವನಿಗೆ ನೆನಪಿದೆ.

ಪರಿಹಾರದ ಮೊತ್ತವನ್ನು ಮೊದಲು ಘೋಷಿಸಿ, ಆಮೇಲೆ ಸೂಜಿ ತನ್ನಿ ಎಂಬುದು ನನ್ನ ವಾದ. ಬೆಂಗಳೂರು ಹಾಲು ಒಕ್ಕೂಟ (ಬಮುಲ್) ತನ್ನ ಸಂಘಗಳಲ್ಲಿ ಕೆಲವನ್ನಾದರೂ ಆರಿಸಿ ಶುರುಮಾಡಲಿ. ಪಾಸಿಟಿವ್ ಬಂದದ್ದನ್ನು ಬೇರೆ ಕಟ್ಟಿ, ಹೋಲಿಕೆ ಪರೀಕ್ಷೆ, ಗಾಮಾ ಇಂಟರ್‌ಫೆರಾನ್ ರಕ್ತಪರೀಕ್ಷೆ ಆದಮೇಲೆ ತೀರ್ಮಾನಿಸಲಿ. ಕರುಗಳಿಗೆ ಬಿಸಿಜಿ ಹಾಕುವ ದಾರಿಯೂ ತೆರೆದಿದೆ. ಇಥಿಯೋಪಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಸಿಜಿ ಹಾಕಿದ್ದರಿಂದ ಹರಡುವಿಕೆ ಸುಮಾರು ಶೇಕಡ 89ರಷ್ಟು ತಗ್ಗಿತು. ಲಸಿಕೆ ಹಾಕಿದ ಹಸುವೂ ಹಳೆಯ ಟ್ಯೂಬರ್‌ಕ್ಯುಲಿನ್‌ಗೆ ಊದುತ್ತದೆ ಎಂಬ ತೊಡಕಿಗೆ, ಲಸಿಕೆಯನ್ನೂ ಸೋಂಕನ್ನೂ ಬೇರ್ಪಡಿಸಿ ತೋರಿಸುವ ಡಿವಾ ಎಂಬ ಹೊಸ ಬಗೆಯ ಚರ್ಮಪರೀಕ್ಷೆ ಇದೆ. ಕೊಲ್ಲಲೊಪ್ಪದ ನಾಡಿಗೆ ಇದಕ್ಕಿಂತ ಹೊಂದುವ ದಾರಿ ಕಾಣೆ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ಜಗಳಕ್ಕೆ ಸುರಿದ ಉತ್ಸಾಹದಲ್ಲಿ ಕಾಲು ಭಾಗ ಇದಕ್ಕೆ ಸಾಕು.

ನನಗೆ ಹೆಚ್ಚು ಸಿಟ್ಟು ಬರುವುದು ಬೇರೆಯವರ ಮೇಲೆ. ದನದ ಕ್ಷಯ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ; ನಮ್ಮ ಮನೆಗಳಲ್ಲಿ ಹಾಲು ಕಾಯಿಸದೆ ಕುಡಿಯುವುದು ಕಡಿಮೆ. ಕೊಟ್ಟಿಗೆ ಮನೆಗೆ ಅಂಟಿಕೊಂಡಿರುವ ಕಡೆ ಉಸಿರಿನ ಅಪಾಯ ಬೇರೆ, ಕಾಯಿಲೆ ಮನುಷ್ಯರಿಂದ ದನಕ್ಕೂ ಹೋಗುತ್ತದೆ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ‘ಕಾಯಿಸದ, ಶುದ್ಧ, ಎ2’ ಎಂದು ಹಸಿ ಹಾಲನ್ನು ದುಪ್ಪಟ್ಟು ಬೆಲೆಗೆ ಮಾರುವವರು ‘ನಮ್ಮ ಹಸುಗಳೆಲ್ಲ ಟೆಸ್ಟ್ ಆಗಿವೆ’ ಎನ್ನುತ್ತಾರಲ್ಲ, ಯಾವ ಟೆಸ್ಟು? ಒಂದೇ ಸೂಜಿಯದೋ, ಹೋಲಿಕೆಯದೋ? ಮೂರನೇ ದಿನ ಬಂದು ಅಳೆದವರು ಯಾರು, ಯಾವ ತಾರೀಖು? ಬಾಟಲಿಯ ಮೇಲೆ ಅಷ್ಟನ್ನೂ ಅಚ್ಚು ಹಾಕಿಸಲಿ. ಆಗದಿದ್ದರೆ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಮಾರಲಿ.