ಗಜಾಲಿಯ ಮೇಲಿನ ಅಪವಾದ

ಇಸ್ಲಾಮೀ ಚಿಂತನೆಯಲ್ಲಿ ತರ್ಕದ ಕತ್ತು ಹಿಸುಕಿದವನು ಗಜಾಲಿ ಎಂಬ ಮಾತು ನಮ್ಮ ವಿಚಾರಸಂಕಿರಣಗಳಲ್ಲಿ ಸಿದ್ಧಾಂತದಂತೆ ಚಲಾವಣೆಯಲ್ಲಿದೆ. ಹೀಗೆನ್ನುವವರಲ್ಲಿ ಎಷ್ಟು ಮಂದಿ ಆತನ ‘ತಹಾಫುತ್ ಅಲ್-ಫಲಾಸಿಫಾ’ವನ್ನು ಅನುವಾದದಲ್ಲಾದರೂ ತೆರೆದು ನೋಡಿರುವರೋ ಸಂದೇಹ.

1095ರಲ್ಲಿ ಮುಗಿದ ಆ ಗ್ರಂಥದ ಪೀಠಿಕೆಯಲ್ಲಿಯೇ, ಗ್ರಹಣದ ಗಣಿತವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವರು ಧರ್ಮಕ್ಕೇ ಹಾನಿ ಮಾಡುವರೆಂದು ಆತ ಎಚ್ಚರಿಸುತ್ತಾನೆ. ‘ಮಕಾಸಿದ್ ಅಲ್-ಫಲಾಸಿಫಾ’ದಲ್ಲಿ ದಾರ್ಶನಿಕರ ಪೂರ್ವಪಕ್ಷವನ್ನು ಎಷ್ಟು ನಿಷ್ಠೆಯಿಂದ ನಿರೂಪಿಸಿದನೆಂದರೆ, ಲ್ಯಾಟಿನ್ ಅನುವಾದವನ್ನೋದಿದ ಯುರೋಪಿನ ಪಂಡಿತರು ಅವನನ್ನೇ ಇಬ್ನ್ ಸೀನಾನ ಅನುಯಾಯಿಯೆಂದು ಬಗೆದರು! ಧರ್ಮಶಾಸ್ತ್ರದ ‘ಅಲ್-ಮುಸ್ತಸ್ಫಾ’ವನ್ನಂತೂ ತರ್ಕದ ಪೀಠಿಕೆಯಿಂದಲೇ ಆರಂಭಿಸಿ, ಅದನ್ನರಿಯದವನ ಜ್ಞಾನ ನಂಬಲರ್ಹವಲ್ಲವೆಂದ.

ಬೆಂಕಿ ತಗುಲಿದಾಗ ಹತ್ತಿ ಉರಿಯುವುದನ್ನು ಕಾಣುತ್ತೇವೆ. ಬೆಂಕಿಯೇ ಉರಿಸಿತೆಂಬುದನ್ನು ಕಾಣುವುದಿಲ್ಲ. ಸಾಹಚರ್ಯ ಕಂಡದ್ದು, ಅನಿವಾರ್ಯತೆ ಊಹಿಸಿದ್ದು. ಗಜಾಲಿಯ ಈ ಪ್ರಸಿದ್ಧ ವಾದ, ವ್ಯಾಪ್ತಿಯ ವಿಷಯದಲ್ಲಿ ಚಾರ್ವಾಕರು ನೈಯಾಯಿಕರನ್ನು ಕಾಡಿದ ಪ್ರಶ್ನೆಯಿಂದ ಬಹಳ ದೂರದ್ದಲ್ಲ. ಅಲ್ಲಿ ಆಕ್ಷೇಪಿಸಿದವರು ನಾಸ್ತಿಕರು, ಇಲ್ಲಿ ಪರಮ ಆಸ್ತಿಕ. ಅವರನ್ನು ವಿಚಾರವಾದಿಗಳೆಂದು ಕೊಂಡಾಡುವವರು ಇವನನ್ನು ವಿಚಾರದ್ವೇಷಿಯೆನ್ನುವುದು ಯಾವ ನ್ಯಾಯ? ಕಾರಣವನ್ನು ನಿರಾಕರಿಸಿದರೆ ಬುದ್ಧಿಯನ್ನೇ ನಿರಾಕರಿಸಿದಂತೆ ಎಂದು ಸುಮಾರು 1180ರಲ್ಲಿ ಇಬ್ನ್ ರುಷ್ದ್ ಕೊಟ್ಟ ಮರುತ್ತರ ಪ್ರಬಲವೇ. ಆದರೆ ಅದು ಒಂದು ವಾದಕ್ಕೆ ಸಂದ ಉತ್ತರ. ಗಜಾಲಿ ತೀರಿಕೊಂಡದ್ದು 1111ರಲ್ಲಿ; ಮರಾಘಾದ ಖಗೋಳ ವೀಕ್ಷಣಾಲಯ ಆರಂಭವಾದದ್ದು 1259ರಲ್ಲಿ. ಸತ್ತ ತರ್ಕ ನಕ್ಷತ್ರಗಳನ್ನು ಅಳೆಯಿತೆ?

ಹಾಗೆಂದು ಗಜಾಲಿ ನಿರ್ದೋಷಿಯೆ? ಖಂಡಿತ ಅಲ್ಲ. ದೋಷವಿರುವುದು ‘ತಹಾಫುತ್’ನ ಕೊನೆಯ ಪುಟದಲ್ಲಿ. ಚರ್ಚಿಸಿದ 20 ಪ್ರಶ್ನೆಗಳಲ್ಲಿ ಮೂರನ್ನು ಆತ ಬೇರ್ಪಡಿಸುತ್ತಾನೆ: ಜಗತ್ತು ಅನಾದಿಯೆಂಬುದು, ದೇವರು ಬಿಡಿ ಸಂಗತಿಗಳನ್ನು ಬಿಡಿಯಾಗಿ ಅರಿಯನೆಂಬುದು, ದೇಹಸಹಿತ ಪುನರುತ್ಥಾನ ಇಲ್ಲವೆಂಬುದು. ಇಂಥ ಮತದವರು ಕಾಫಿರರೆ, ವಧಾರ್ಹರೆ ಎಂಬ ಪ್ರಶ್ನೆಯನ್ನು ತಾನೇ ಎತ್ತಿ, ಈ ಮೂರರಲ್ಲಿ ಅವರು ಕಾಫಿರರೇ ಎಂದು ತೀರ್ಪೀಯುತ್ತಾನೆ. ಅವರ ಪ್ರಮಾಣಗಳನ್ನು ಮುರಿಯುವುದಷ್ಟೇ ತನ್ನ ಉದ್ದೇಶವೆಂದಿದ್ದವನು, ವಾದಿಯ ಆಸನದಿಂದೆದ್ದು ನ್ಯಾಯಪೀಠವನ್ನೇರುತ್ತಾನೆ. ನಿನ್ನ ಪ್ರಮಾಣ ಸಾಲದೆಂಬುದು ಒಂದು ಮಾತು. ಆದಕಾರಣ ನಿನ್ನ ತಲೆ ಉಳಿಯಬಾರದೆಂಬುದು ಬೇರೊಂದು. ದಾರ್ಶನಿಕನ ಬುದ್ಧಿಗೆ ಎಳೆದ ಗೆರೆಯನ್ನು ಆತ ತೀರ್ಪುಗಾರನ ಬುದ್ಧಿಗೆ ಎಳೆಯಲಿಲ್ಲ. ಮುಂದೆ ‘ಫೈಸಲ್ ಅತ್-ತಫ್ರಿಕಾ’ದಲ್ಲಿ ಕಾಫಿರರೆಂದು ಸಾರುವ ಆತುರಕ್ಕೆ ಕಡಿವಾಣ ಹಾಕಿದನಾದರೂ ದಾರ್ಶನಿಕರಿಗೆ ಕ್ಷಮೆ ದೊರೆಯಲಿಲ್ಲ.

ಇಬ್ನ್ ರುಷ್ದ್ ಸ್ವತಃ ಕೊರ್ಡೊಬಾದಲ್ಲಿ ಕಾಜಿಯಾಗಿದ್ದವನು. ‘ಫಸ್ಲ್ ಅಲ್-ಮಕಾಲ್’ನಲ್ಲಿ ಆತ ಹಿಡಿದದ್ದು ಈ ಎಳೆಯನ್ನೇ: ತಾತ್ತ್ವಿಕ ವಿಷಯಗಳಲ್ಲಿ ಸರ್ವಸಮ್ಮತಿಯನ್ನು ನಿಶ್ಚಯವಾಗಿ ಸ್ಥಾಪಿಸಲಾಗದಿರುವಾಗ, ಅದನ್ನು ಮುರಿದನೆಂದು ಒಬ್ಬನನ್ನು ಕಾಫಿರನೆನ್ನುವುದು ಹೇಗೆ? ಹತ್ತಿ-ಬೆಂಕಿಯನ್ನು ಪದೇ ಪದೇ ಉದ್ಧರಿಸುವ ನಮ್ಮ ವಿಮರ್ಶಕರು ಈ ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ.